ಅಗೆದ ಬೀದಿ

ಚೈತ್ರಮಾಸ ಬಂದಿತೆಂದರೆ ಬೆಂಗಳೂರಿನ ಬೀದಿಗಳಲ್ಲಿ ಎರಡು ಬಗೆಯ ಗಡಿಬಿಡಿ ಕಾಣುತ್ತದೆ. ಒಂದೆಡೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ರಾಮನವಮಿಯ ಸಂಗೀತ ಕಚೇರಿಗಳು ನಡೆಯುತ್ತವೆ. ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗ ಹೊರಡುತ್ತದೆ. ಮತ್ತೊಂದೆಡೆ ಗುದ್ದಲಿ, ಹಾರೆ, ಅಗೆಯುವ ಯಂತ್ರಗಳ ಸದ್ದು. ಮಳೆ ಹಿಡಿಯುವ ಮುನ್ನ ಮುಗಿಸಬೇಕೆಂದು ಬೇಸಗೆಯಲ್ಲಿ ರಸ್ತೆಗಳನ್ನು ಅಗೆಯುವುದು ವಾಡಿಕೆ. ಹೀಗೆ ಹಬ್ಬದ ಕಾಲವೂ ಅಗೆತದ ಕಾಲವೂ ಒಂದೇ ಆಗುತ್ತವೆ.

ಅಗೆಯುವುದೇ ತಪ್ಪೆಂದು ಹೇಳಲಾಗದು. ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯ ನೀರು ಈ ನಗರಕ್ಕೆ ಬಂದದ್ದು 1974ರಲ್ಲಿ. ಆ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದದ್ದು 2024ರಲ್ಲಿ. ಆ ನೀರು ಮನೆಯ ನಲ್ಲಿಯನ್ನು ಮುಟ್ಟಬೇಕಾದರೆ ನೆಲದಡಿಯಲ್ಲಿ ಕೊಳವೆಗಳನ್ನು ಹೂಳಲೇಬೇಕು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೆಟ್ರೊ ರೈಲು ಓಡಿತು. ಅದಕ್ಕೆ ಮುಂಚೆ ಆ ರಸ್ತೆ ವರ್ಷಗಟ್ಟಲೆ ಧೂಳಿನಲ್ಲಿ ಮುಳುಗಿತ್ತು. ಅಲ್ಲಿದ್ದ ಪ್ಲಾಜಾ ಚಿತ್ರಮಂದಿರವು ನಿಲ್ದಾಣಕ್ಕೆ ಎಡೆಮಾಡಿಕೊಟ್ಟು ಮರೆಯಾಗಿತ್ತು. ಊರು ಬೆಳೆಯುವಾಗ ಇಂಥ ನೋವು ಸ್ವಲ್ಪಮಟ್ಟಿಗೆ ಅನಿವಾರ್ಯ.

ಆದರೆ ಆ ನೋವನ್ನು ಹೊರುವವರು ಯಾರು? ದೊಡ್ಡ ಮಳಿಗೆಗೆ ಬೇರೊಂದು ಬೀದಿಯಲ್ಲಿ ಶಾಖೆಯಿರುತ್ತದೆ. ಹತ್ತಡಿಯ ಕೋಣೆಯಲ್ಲಿ ಹೊಲಿಗೆಯ ಯಂತ್ರವೊಂದನ್ನು ಇಟ್ಟುಕೊಂಡು ಬದುಕುವ ದರ್ಜಿಗೆ ಅದೊಂದೇ ಆಸರೆ. ಬಾಗಿಲ ಮುಂದೆ ಕಂದಕ ತೋಡಿದರೆ ಗಿರಾಕಿ ಬಾರನು. ಬಾಡಿಗೆಯ ದಿನ ಮಾತ್ರ ತಪ್ಪದೆ ಬರುತ್ತದೆ. ಒಂದು ತಿಂಗಳೆಂದದ್ದು ಆರು ತಿಂಗಳಾದಾಗ ಆತ ಬಾಗಿಲು ಮುಚ್ಚುತ್ತಾನೆ. ರಸ್ತೆ ನುಣುಪಾದ ಮೇಲೆ ಹೋಗಿ ನೋಡಿದರೆ ಹಳೆಯ ಫಲಕ ಅಲ್ಲಿರುವುದಿಲ್ಲ. ಕಿತ್ತ ರಸ್ತೆಯನ್ನು ಮತ್ತೆ ಹಾಕಬಹುದು. ಕಿತ್ತುಹೋದ ಬದುಕನ್ನು ಮತ್ತೆ ನೆಲೆಗೊಳಿಸುವುದು ಸುಲಭವಲ್ಲ.

ಕರಗ ಹೊತ್ತವರು ಅದನ್ನು ಕೈಯಿಂದ ಮುಟ್ಟದೆ, ತಲೆಯ ಮೇಲೆಯೇ ನಿಲ್ಲಿಸಿಕೊಂಡು ಹಳೆಯ ಪೇಟೆಯ ಬೀದಿಗಳಲ್ಲಿ ಸಾಗುತ್ತಾರೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತಾರೆ. ಆ ರಾತ್ರಿ ಹಾದಿಯಲ್ಲಿ ಹಳ್ಳವಿರಬಾರದೆಂದು ಎಲ್ಲರೂ ಬಯಸುತ್ತಾರೆ. ಬಯಕೆ ಯೋಗ್ಯವಾದುದೇ. ಆದರೆ ಮರುದಿನ ಅದೇ ಬೀದಿಯಲ್ಲಿ ಬಟ್ಟೆಯ ಮೂಟೆ ಹೊತ್ತ ಹಮಾಲಿಯೂ ಹೂವಿನ ಬುಟ್ಟಿ ಹೊತ್ತ ಮುದುಕಿಯೂ ನಡೆಯುತ್ತಾರೆ. ಅವರ ಹೊರೆಯೂ ಬೀಳಬಾರದಲ್ಲವೆ?

ಇದಕ್ಕೆ ಮುಖ್ಯವಾಗಿ ಬೇಕಾದುದು ಮುಂದಾಲೋಚನೆ. ನೀರು, ಒಳಚರಂಡಿ, ವಿದ್ಯುತ್ತಿನವರು ಸರದಿಯಂತೆ ಮೂರು ಸಲ ಅಗೆಯುವ ಬದಲು ಕೂಡಿ ಒಮ್ಮೆಗೇ ಅಗೆಯಬೇಕು. ಒಂದು ಭಾಗವನ್ನು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಮುಗಿಯುವ ದಿನವನ್ನು ಫಲಕದಲ್ಲಿ ಬರೆದು, ಆ ಮಾತಿಗೆ ನಿಲ್ಲಬೇಕು. ಪ್ರತಿ ಅಂಗಡಿಯ ಬಾಗಿಲಿಗೂ ಭದ್ರವಾದ ಹಲಗೆಯ ಕಾಲುದಾರಿಯಿರಬೇಕು. ನಮಗೂ ಒಂದು ಕರ್ತವ್ಯವುಂಟು. ನಾಲ್ಕು ಹೆಜ್ಜೆ ಸುತ್ತಾದರೂ ಅಗೆದ ಬೀದಿಯ ಅಂಗಡಿಗೇ ಹೋಗಿ ಕೊಳ್ಳೋಣ.

ಬೇಸಗೆ ಕಳೆದು ಮೊದಲ ಮಳೆ ಸುರಿದಾಗ ಬೀದಿಯೂ ನೆಟ್ಟಗಿರಬೇಕು, ದರ್ಜಿಯ ಅಂಗಡಿಯ ದೀಪವೂ ಉರಿಯುತ್ತಿರಬೇಕು. ಅದನ್ನೇ ನಾವು ನಗರದ ಬೆಳವಣಿಗೆಯೆಂದು ಕರೆಯಬೇಕು.