ಕಪಿಲೆಯ ಹೊಲಿಗೆ, ಬುಲೆಟ್ಟಿನ ಆಸನ

ಕಾಂಗೇಯಂ, ಪಲ್ಲಡಂ, ಅವಿನಾಶಿಯ ಸುತ್ತಿನ ಹಳೆಯ ತೋಟಗಳಲ್ಲಿ ತೆರೆದ ಬಾವಿಯ ದಡದಿಂದ ಇಳಿಜಾರಾಗಿ ಸಾಗುವ ಹಾದಿಯ ಗುರುತು ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಮಕ್ಕಳ ಕಣ್ಣಿಗೆ ಅದು ಬರಿಯ ಮಣ್ಣಿನ ದಿಬ್ಬ. ಮನೆಯ ಹಿರಿಯರಿಗೆ ಅದು ಎತ್ತುಗಳು ನಡೆದ ಕಪಿಲೆಯ ದಾರಿ. ತಮಿಳಿನಲ್ಲಿ ಇದನ್ನೇ ಕವಲೈ ಎನ್ನುತ್ತಾರೆ. ಕಾಂಗೇಯಂ ತಳಿಯ ಎತ್ತುಗಳು ಆ ಇಳಿಜಾರಿನಲ್ಲಿ ಇಳಿದಂತೆಲ್ಲ ಬಾವಿಯಿಂದ ನೀರು ತುಂಬಿದ ತೊಗಲ ಚೀಲ ಮೇಲೇರುತ್ತಿತ್ತು.

ಆ ಚೀಲದ ರಚನೆ ಜಾಣತನದ್ದು. ಅದರ ಕೆಳತುದಿ ಬಾಲದಂತೆ ಸಪುರವಾಗಿ, ಬಾಯಿ ತೆರೆದುಕೊಂಡೇ ಇರುತ್ತಿತ್ತು. ದಪ್ಪ ಹಗ್ಗ ಚೀಲವನ್ನು ಎಳೆದರೆ, ತೆಳುವಾದ ಇನ್ನೊಂದು ಹಗ್ಗ ಆ ಬಾಲವನ್ನು ಮೇಲಕ್ಕೆ ಮಡಿಸಿ ಹಿಡಿಯುತ್ತಿತ್ತು. ಚೀಲ ದಡಕ್ಕೆ ಬಂದಾಗ ಬಾಲ ತಾನಾಗಿ ಕಾಲುವೆಯ ಕಡೆಗೆ ಚಾಚಿಕೊಂಡು ನೀರು ಸುರಿಯುತ್ತಿತ್ತು. ಬಾಗಿಸಿ ಸುರಿಯಲು ಬೇರೊಬ್ಬರು ಬೇಕಿರಲಿಲ್ಲ. ಇಷ್ಟೆಲ್ಲ ನಿಂತಿದ್ದುದು ಹೊಲಿಗೆಯ ಮೇಲೆ. ಒಂದು ರಂಧ್ರ ಅಂಚಿಗೆ ತೀರ ಹತ್ತಿರವಾದರೂ ಭಾರಕ್ಕೆ ತೊಗಲು ಹರಿಯುತ್ತಿತ್ತು. ಹೊಲಿಗೆ ಸಡಿಲವಾದರೆ ನೀರೆಲ್ಲ ಮರಳಿ ಬಾವಿಗೇ ಸೋರಿ, ಎತ್ತಿನ ದುಡಿಮೆ ವ್ಯರ್ಥವಾಗುತ್ತಿತ್ತು.

ಈ ಹೊಲಿಗೆಯನ್ನು ಬಲ್ಲವರು ಮಾದಾರಿ, ಚಕ್ಕಿಲಿಯ ಎಂದು ಕರೆಸಿಕೊಂಡ, ಇಂದು ಅರುಂಧತಿಯರ್ ಎಂಬ ಹೆಸರಿನಲ್ಲಿ ಗುರುತಿಸಿಕೊಳ್ಳುವ ಜನ. ಅವರಲ್ಲಿ ಬಹುಪಾಲಿನವರ ಮನೆಮಾತು ತೆಲುಗು, ಕೆಲವರದು ಕನ್ನಡ. ಚೀಲ, ಬಾರು, ಮಿಣಿ, ಚಪ್ಪಲಿ ಎಲ್ಲವನ್ನೂ ಅವರು ಒದಗಿಸಿದರು. ಪ್ರತಿಫಲವಾಗಿ ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ ಸಲ್ಲುತ್ತಿತ್ತು. ಅವರು ಹೊಲಿದ ಚೀಲ ದಿನವಿಡೀ ಬಾವಿಗೆ ಇಳಿಯಬಹುದಿತ್ತು. ಹೊಲಿದವರು ಮಾತ್ರ ಆ ನೀರನ್ನು ತಾವಾಗಿ ಸೇದುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸು ಪ್ರಾಂತ್ಯದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಕ್ರೋಮ್ ಲವಣದಿಂದ ತೊಗಲು ಹದ ಮಾಡುವ ಪ್ರಯೋಗ ನಡೆಸಿದರು. ನೀರಿನಲ್ಲಿ ಬೇಗ ಕೆಡದ ಆ ತೊಗಲು ಕಪಿಲೆಯ ಚೀಲಕ್ಕೆ ಒದಗೀತೆಂಬುದು ಅವರ ಎಣಿಕೆಗಳಲ್ಲಿ ಒಂದು. ಎಣ್ಣೆಯ ಎಂಜಿನಿನಿಂದ ನೀರೆತ್ತುವ ಪಂಪುಗಳನ್ನು ಪ್ರಚಾರಕ್ಕೆ ತಂದವರೂ ಅವರೇ. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. 1932ರಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ತು ಹರಿಯತೊಡಗಿತು. ಕೊಯಮತ್ತೂರು ಪಂಪು ತಯಾರಿಕೆಯ ಊರಾಯಿತು. ಕಪಿಲೆಗಳು ಒಂದೊಂದಾಗಿ ನಿಂತವು. ಅವುಗಳೊಡನೆ ಆ ಹೊಲಿಗೆಯ ಬೇಡಿಕೆಯೂ ನಿಂತಿತು.

ಆದರೆ ವಿದ್ಯೆ ಜಗತ್ತಿನಿಂದ ಅಳಿಯಲಿಲ್ಲ. ಇಂದು ಬುಲೆಟ್ಟಿನಂತಹ ಮೋಟಾರ್ ಸೈಕಲ್ಲುಗಳಿಗೆ ಕೈಯಿಂದಲೇ ಚಿತ್ತಾರ ಕೆತ್ತಿ, ತೊಗಲ ಬಾರಿನಿಂದ ಅಂಚು ಹೆಣೆದ ಆಸನಗಳನ್ನು ಆಸಕ್ತರು ಮಾಡಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಕುದುರೆಯ ಜೀನು ಮಾಡುವವರ ಕಲೆ ಮೋಟಾರ್ ಸೈಕಲ್ಲಿನ ಮೇಲೇರಿದ ಬಗೆ ಇದು. ಅದರ ಕ್ರಮವನ್ನು ನೋಡಿದರೆ ಕಪಿಲೆಯ ಚೀಲ ಹೊಲಿದವರು ಬಲ್ಲ ಪಾಠಗಳೇ ಮತ್ತೆ ಎದುರಾಗುತ್ತವೆ.

ಮೊದಲ ಪಾಠ, ತೊಗಲಿನ ಆಯ್ಕೆ. ಕ್ರೋಮ್ ಹದದ ತೊಗಲು ಮೆತ್ತಗೆ ಪುಟಿಯುತ್ತದೆ; ಒತ್ತಿದ ಗುರುತನ್ನು ಉಳಿಸಿಕೊಳ್ಳದು. ಕೆತ್ತನೆಗೆ ಮರದ ತೊಗಟೆಯಿಂದ ಹದಗೊಂಡ, ಸುಮಾರು 3ರಿಂದ 4 ಮಿಲಿಮೀಟರ್ ದಪ್ಪದ ತೊಗಲೇ ಬೇಕು. ದಕ್ಷಿಣ ಭಾರತದಲ್ಲಿ ಅಂತಹ ಹದಕ್ಕೆ ಬಹುಕಾಲ ಬಳಕೆಯಾದುದು ತಂಗಡಿಯ ತೊಗಟೆ. ಕೊಂಗುನಾಡಿನಲ್ಲಿ ಪೊಂಗಲ್ ಹಬ್ಬದ ಮುನ್ನಾದಿನ ಬೇವಿನೆಲೆಯೊಡನೆ ಬಾಗಿಲಿಗೆ ಕಟ್ಟುವ ಆವಾರಂ ಹೂವು ಇದೇ ಗಿಡದ್ದು.

ಎರಡನೆಯ ಪಾಠ, ನೀರಿನ ಅಳತೆ. ತೊಗಲನ್ನು ನೀರಿನಿಂದ ಒದ್ದೆ ಮಾಡಿ, ಅದರ ಸಹಜ ಬಣ್ಣ ಮರಳತೊಡಗುವವರೆಗೆ ಕಾಯಬೇಕು. ತೀರ ಒದ್ದೆಯಿದ್ದರೆ ಗುರುತು ನಿಲ್ಲದು, ಒಣಗಿದರೆ ಮೂಡದು. ಹದ ಬಂದಾಗ ಚಿತ್ರದ ಗೆರೆಗಳನ್ನು ಸಣ್ಣ ಅಲಗಿನಿಂದ ಅರ್ಧ ದಪ್ಪಕ್ಕೂ ಮೀರದಂತೆ ಕೊಯ್ಯುತ್ತಾರೆ. ಬಳಿಕ ಗೆರೆಯ ಒಂದು ಬದಿಯನ್ನು ಅಚ್ಚಿನಿಂದ ತಗ್ಗಿಸುತ್ತ ಹೋಗುತ್ತಾರೆ. ಅಚ್ಚಿನ ಮೇಲೆ ಬೀಳುವುದು ಮರದ ಕೊಡತಿ, ಕಬ್ಬಿಣದ ಸುತ್ತಿಗೆಯಲ್ಲ. ತಗ್ಗಿದ ಭಾಗ ಹಿಂದೆ ಸರಿದಂತಾಗಿ ಎಲೆ, ಹೂವು ಎದ್ದು ಕಾಣುತ್ತವೆ. ಬಣ್ಣ, ಎಣ್ಣೆ, ಮೇಣಗಳ ಲೇಪ ಕೊನೆಯದು. ಮಳೆಯಲ್ಲಿ ನಿಲ್ಲುವ ವಾಹನಕ್ಕೆ ಆ ಮೇಣವೇ ಕೊಡೆ.

ಮೂರನೆಯದು ಹೆಣಿಗೆ. ಮೇಲಿನ ತೊಗಲನ್ನೂ ಪಕ್ಕದ ತೊಗಲನ್ನೂ ಅಂಚಿನಿಂದ ಒಂದೇ ದೂರದಲ್ಲಿ, ಒಂದೇ ಅಂತರದಲ್ಲಿ ಉಳಿಯಿಂದ ತೂತು ಮಾಡಿ, ಎರಡರ ತೂತುಗಳ ಎಣಿಕೆ ಸಮನಾಗಿದೆಯೇ ಎಂದು ನೋಡಬೇಕು. ಒಂದು ಹೆಚ್ಚಾದರೂ ಕೊನೆಯಲ್ಲಿ ಆಸನ ಸೊಟ್ಟಗಾಗುತ್ತದೆ. ಒಂದು ಮೀಟರ್ ಅಂಚನ್ನು ಸರಳವಾಗಿ ಸುತ್ತಿ ಹೊಲಿಯಲು ಸುಮಾರು ಮೂರೂವರೆ ಮೀಟರ್ ಬಾರು ಬೇಕು. ಕುಣಿಕೆಯೊಳಗೆ ಕುಣಿಕೆ ಹಾಕಿ ಜಡೆಯಂತೆ ಹೆಣೆದರೆ ಏಳೆಂಟು ಮೀಟರ್. ಪ್ರತಿ ಎಳೆತದ ಬಿಗಿಯೂ ಒಂದೇ ಇರಬೇಕು. ಇದು ಶಾಲೆಯ ಗಣಿತವೇ, ಬೆರಳುಗಳಲ್ಲಿ ಕಲಿತದ್ದು.

ಇಂತಹ ಆಸನ ಮಾಡಿದವರನ್ನು ಇಂದು ಕಲಾವಿದರೆಂದು ಕರೆಯುತ್ತಾರೆ. ಬೇಕೆಂದವರು ಸರದಿಗಾಗಿ ಕಾಯುತ್ತಾರೆ. ಅದು ನ್ಯಾಯವೇ. ಆದರೆ ತೂತಿನ ಲೆಕ್ಕ, ತೊಗಲಿನ ಹದ, ಬಾರಿನ ಬಿಗಿ ಇವೆಲ್ಲವನ್ನೂ ಬಲ್ಲ ಕೈಗಳು ಇದೇ ನೆಲದಲ್ಲಿ ತಲೆಮಾರುಗಳ ಕಾಲ ದುಡಿದಾಗ ಅವುಗಳಿಗೆ ಆ ಹೆಸರು ಸಿಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಮಾದಾರ ಧೂಳಯ್ಯನನ್ನು ವಚನಕಾರರ ಸಾಲಿನಲ್ಲಿ ಕೂರಿಸಿದ ಭಾಷೆ ಕನ್ನಡ. ಆದರೂ ಊರು ಆ ಕಸುಬಿನವರನ್ನು ಹೊರಗೇ ಇರಿಸಿತು.

2009ರಲ್ಲಿ ತಮಿಳುನಾಡು ಸರಕಾರ ಪರಿಶಿಷ್ಟ ಜಾತಿಗಳ ಮೀಸಲಾತಿಯೊಳಗೆ ಅರುಂಧತಿಯರಿಗೆ ಶೇಕಡ 3ರಷ್ಟು ಪಾಲನ್ನು ಕಾಯಿದೆಯ ಮೂಲಕ ಕೊಟ್ಟಿತು. ಆ ಮನೆಗಳ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋಗುವುದು ಅವರ ಹಕ್ಕು. ಹಿರಿಯರ ಕಸುಬನ್ನು ಉಳಿಸುವ ಹೊರೆ ಅವರೊಬ್ಬರ ಹೆಗಲಿಗಲ್ಲ. ತೊಗಲ ಕೆಲಸವನ್ನು ಕಲಿಯಬಯಸುವ ಮಗು ಯಾವ ಮನೆಯದಾದರೂ ಆಗಬಹುದು. ತನ್ನ ಅಜ್ಜ ಕಪಿಲೆಯ ಚೀಲ ಹೊಲಿಯುತ್ತಿದ್ದರೆಂದು ತರಗತಿಯಲ್ಲಿ ಒಂದು ಮಗು ತಲೆತಗ್ಗಿಸದೆ ಹೇಳಿದರೆ, ಉಳಿದ ಮಕ್ಕಳು ಆ ಚೀಲ ಸೋರದಂತೆ ಹೇಗೆ ಹೊಲಿಯುತ್ತಿದ್ದರೆಂದು ಕೇಳುವಂತಾಗಬೇಕು. ಹಾಗೆ ಕೇಳುವುದನ್ನು ಅವರಿಗೆ ಕಲಿಸಬೇಕಾದವರು ಮನೆಯ ದೊಡ್ಡವರು.