ಸೂಜಿಗೆ ಲಕ್ಷ, ಜೀವಕ್ಕೆ ಎಷ್ಟು?

ಹೃದಯರೋಗ ಸಿರಿವಂತರ ಕಾಯಿಲೆಯೆಂಬ ಮಾತು ಸುಳ್ಳಾಗಿ ಬಹುಕಾಲವಾಯಿತು. ಕೊಟ್ಟೂರಿನ ಗಿರಣಿಯ ಹಮಾಲನ ರಕ್ತದಲ್ಲೂ ಹರಪನಹಳ್ಳಿಯ ಕಿರಾಣಿ ವ್ಯಾಪಾರಿಯ ರಕ್ತದಲ್ಲೂ ಕೊಲೆಸ್ಟರಾಲ್ ಏರುತ್ತದೆ. ಏರಿದ್ದು ಎದೆ ಹಿಡಿಯುವ ತನಕ ತಿಳಿಯದು. ಈಚೆಗೆ ಇದನ್ನು ಇಳಿಸುವ ಸೂಜಿಮದ್ದುಗಳ ಮಾತು ಕೇಳಿಬರುತ್ತಿದೆ. ಅವೇನೆಂದು ನಮ್ಮ ಓದುಗರು ಅರಿತಿರಬೇಕು.

ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಹಿಡಿದು ತೆಗೆಯುವುದು ಯಕೃತ್ತಿನ ಕೆಲಸ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಹಾಗೆ ಹಿಡಿಯುವ ಕೈಗಳನ್ನೇ ನಾಶಮಾಡುತ್ತದೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಎಂಬ ಎರಡು ಮದ್ದುಗಳು ಆ ಪ್ರೋಟೀನನ್ನು ಕಟ್ಟಿಹಾಕುತ್ತವೆ. ಇವನ್ನು ಎರಡು ವಾರಕ್ಕೊಮ್ಮೆ ಇಲ್ಲವೆ ತಿಂಗಳಿಗೊಮ್ಮೆ ಚುಚ್ಚಬೇಕು. ಮೂರನೆಯದಾದ ಇನ್‌ಕ್ಲಿಸಿರಾನ್ ಆ ಪ್ರೋಟೀನಿನ ಹುಟ್ಟನ್ನೇ ತಡೆಯುತ್ತದೆ. ಮೊದಲ ಸೂಜಿಯಾದ ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಂದು. ಮೂರೂ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಮೊದಲಿನ ಎರಡು ಹೃದಯಾಘಾತವನ್ನೂ ಕಡಿಮೆ ಮಾಡುವುದು 2017 ಮತ್ತು 2018ರ ದೊಡ್ಡ ಪ್ರಯೋಗಗಳಲ್ಲಿ ರುಜುವಾತಾಗಿದೆ.

ಹಾಗೆಂದು ಎಲ್ಲರೂ ಸೂಜಿಯ ಬೆನ್ನು ಹತ್ತಬೇಕಿಲ್ಲ. ಹೆಚ್ಚಿನವರಿಗೆ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಟೊರ್ವಾಸ್ಟಾಟಿನ್ ಗುಳಿಗೆಯೇ ಸಾಕು. ಅದನ್ನು ವೈದ್ಯರ ಮಾತಿನಂತೆ ತಪ್ಪದೆ ನುಂಗಬೇಕು, ಅಷ್ಟೆ. ಗುಳಿಗೆ ಸಾಲದ ಹೃದ್ರೋಗಿಗಳು, ಗುಳಿಗೆ ಒಗ್ಗದವರು, ವಂಶದಿಂದಲೇ ಈ ದೋಷ ಪಡೆದು ಬಂದವರು, ಇಂಥ ಕೆಲವರಿಗೆ ಮಾತ್ರ ಸೂಜಿ ಬೇಕು.

ಆ ಕೆಲವರು ಬಡವರಾದರೆ ಗತಿಯೇನು? 2024ರಲ್ಲಿ ಇನ್‌ಕ್ಲಿಸಿರಾನ್ ನಮ್ಮ ದೇಶದ ಪೇಟೆಗೆ ಬಂದಾಗ ಒಂದು ಸೂಜಿಗೆ ಲಕ್ಷ ರೂಪಾಯಿಗೂ ಮೇಲಿತ್ತು. ಬೆಲೆ ಇಳಿಸಲಾಗದೆಂದು ಯಾರೂ ನಮಗೆ ಹೇಳಬೇಕಾಗಿಲ್ಲ. 2012ರಲ್ಲಿ ಪೇಟೆಂಟ್ ಕಾಯಿದೆಯ ಕಡ್ಡಾಯ ಪರವಾನಗಿಯಡಿ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮದ್ದನ್ನು ತಯಾರಿಸಲು ಬೇರೊಂದು ಕಂಪನಿಗೆ ಅವಕಾಶ ಕೊಟ್ಟಾಗ, ತಿಂಗಳಿಗೆ 2,80,000 ರೂಪಾಯಿಯಿದ್ದ ಮದ್ದು 8,800ಕ್ಕೆ ಸಿಕ್ಕಿತು. ಕಾನೂನು ಇದೆ, ಮನಸ್ಸು ಬೇಕು.

ನಮ್ಮ ರಾಜ್ಯವೇ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ, ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಒಳ್ಳೆಯ ಕೆಲಸ. ಆಘಾತವಾದ ಮೇಲೆ ಕೊಡುವ ಸರಕಾರ ಅದು ಆಗದಂತೆ ತಡೆಯಲೂ ಮುಂದಾಗಲಿ.

ಆದುದರಿಂದ ನಾವು ಕೇಳುವುದು ಮೂರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸರಕಾರಿ ಆಸ್ಪತ್ರೆಗಳಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಉಚಿತವಾಗಲಿ. ಗುಳಿಗೆ ವರ್ಷವಿಡೀ ಸಿಗಲಿ. ಸೂಜಿ ಬೇಕೇಬೇಕಾದವರಿಗೆ ಸರಕಾರವೇ ಸಗಟಾಗಿ ಕೊಂಡು ಕೊಡಲಿ. ಮಿತ್ರರೇ, ಇದು ಬೇಡುವ ಭಿಕ್ಷೆಯಲ್ಲ. ದುಡಿಯುವವನ ಎದೆ ಬಡಿಯುತ್ತಿದ್ದರೆ ತಾನೆ ಗಿರಣಿಯೂ ಪೇಟೆಯೂ ನಡೆಯುವುದು!