ಬೆರಳು ಕಲಿಯುವ ಭೌತವಿಜ್ಞಾನ

ನ್ಯೂಟನ್ನನ ಮೊದಲನೆಯ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ವಿದ್ಯಾರ್ಥಿಗಳು ನಮ್ಮ ಪಿ.ಯು.ಸಿ. ತರಗತಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲೊಬ್ಬನನ್ನು ಎಬ್ಬಿಸಿ ನಿಲ್ಲಿಸಿ, "ಗ್ರಹನಕ್ಷತ್ರಗಳಿಂದ ಬಹುದೂರದಲ್ಲಿ ಸಾಗುತ್ತಿರುವ ಒಂದು ನೌಕೆಯ ಎಂಜಿನ್ ಕೆಟ್ಟುಹೋಯಿತು; ಮುಂದೇನಾದೀತು?" ಎಂದು ಕೇಳಿರಿ. "ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ ಸಾರ್" ಎಂಬ ಉತ್ತರವನ್ನು ನಾನಂತೂ ಪ್ರತಿವರ್ಷವೂ ಕೇಳುತ್ತಿದ್ದೇನೆ. ನಿಯಮವೇನೋ ಬಾಯಿಗೆ ಬಂದಿದೆ, ಮನಸ್ಸಿಗೆ ಇಳಿದಿಲ್ಲ.

ಈ ಉತ್ತರವನ್ನು ಅವರಿಗೆ ಕಲಿಸಿದವರು ಯಾರು? ಮೊದಲನೆಯ ಗುರು ನಮ್ಮ ಕಾಲ ಕೆಳಗಿನ ನೆಲವೇ. ತುಳಿಯುವುದನ್ನು ಬಿಟ್ಟರೆ ಸೈಕಲ್ಲು ನಿಲ್ಲುತ್ತದೆ, ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಘರ್ಷಣೆಯು ಮರೆಯಲ್ಲಿದ್ದು ಮಾಡುವ ಈ ಮೋಸಕ್ಕೆ ಅರಿಸ್ಟಾಟಲನಂಥ ಮೇಧಾವಿಯೂ ಒಳಗಾದನು. ಅದನ್ನು ಬೇರ್ಪಡಿಸಿ ಚಲನೆಯನ್ನು ಮಾತ್ರ ನೋಡುವುದಕ್ಕೆ ಗೆಲಿಲಿಯೋ ಬರಬೇಕಾಯಿತು. ಈಗ ನಮ್ಮ ಮಕ್ಕಳಿಗೆ ಎರಡನೆಯ ಗುರುವೊಬ್ಬ ದೊರೆತಿದ್ದಾನೆ. ಅವನೇ ವಿಡಿಯೋ ಗೇಮ್. ಈ ಗುರುವನ್ನು ಕುರಿತು ನಮ್ಮ ಅಧ್ಯಾಪಕವರ್ಗದವರು ಬಯ್ಯುತ್ತಾರೆ, ಇಲ್ಲವೆ ಸುಮ್ಮನಿರುತ್ತಾರೆ. ಎರಡೂ ಸಾಲದೆಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ, ಬಯ್ಯುವುದಕ್ಕೆ ಮನಸ್ಸೇ ಬಾರದಂಥ ಒಂದು ಆಟವನ್ನು ತೆಗೆದುಕೊಳ್ಳೋಣ. ಜಾರ್ಜ್ ಲೂಕಾಸ್ ೧೯೭೭ರಲ್ಲಿ ಆರಂಭಿಸಿದ 'ಸ್ಟಾರ್ ವಾರ್ಸ್' ಚಲಚ್ಚಿತ್ರಮಾಲೆಯ ಹೆಸರನ್ನು ಕೇಳದವರು ವಿರಳ. ಡೆನ್ಮಾರ್ಕಿನ ಲೆಗೊ ಸಂಸ್ಥೆ ೧೯೯೯ರಿಂದ ಆ ಚಿತ್ರಗಳ ನೌಕೆಗಳನ್ನೂ ಪಾತ್ರಗಳನ್ನೂ ತನ್ನ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆಗಳಾಗಿ ಹೊರತಂದಿತು. ಇಂಗ್ಲೆಂಡಿನ ಟ್ರಾವಲರ್ಸ್ ಟೇಲ್ಸ್ ಎಂಬ ಸಂಸ್ಥೆ ೨೦೦೫ರಲ್ಲಿ ಈ ಎರಡನ್ನೂ ಕೂಡಿಸಿ 'ಲೆಗೊ ಸ್ಟಾರ್ ವಾರ್ಸ್' ಎಂಬ ವಿಡಿಯೋ ಗೇಮ್ ರಚಿಸಿತು. ಎರಡನೆಯ ಭಾಗ ೨೦೦೬ರಲ್ಲಿ ಬಂದಿತು. ಮುಖ್ಯ ಕಥೆಯ ಒಂಬತ್ತು ಚಿತ್ರಗಳನ್ನೂ ಒಳಗೊಂಡ ದೊಡ್ಡ ಆಟವೊಂದು ೨೦೨೨ರಲ್ಲಿ ಹೊರಬಿದ್ದಿತು.

ಈ ಆಟದಲ್ಲಿ ರಕ್ತಪಾತವಿಲ್ಲ. ಪೆಟ್ಟು ತಿಂದ ವೀರನು ಬಿಡಿಬಿಡಿ ತುಂಡುಗಳಾಗಿ ಚದರಿ, ಗಳಿಸಿದ ನಾಣ್ಯಗಳಲ್ಲಿ ಕೆಲವನ್ನು ಕಳೆದುಕೊಂಡು, ಮರುಕ್ಷಣವೇ ಎದ್ದು ನಿಲ್ಲುತ್ತಾನೆ. ಇಬ್ಬರು ಕೂಡಿ ಆಡಬಹುದು. ಎರಡನೆಯವರು ನಡುವೆ ಬಂದು ಸೇರಬಹುದು, ಬೇಡವೆನಿಸಿದಾಗ ಎದ್ದು ಹೋಗಬಹುದು. ಮೊದಲಿನ ಆಟಗಳಲ್ಲಿ ಪಾತ್ರಗಳು ಮಾತನ್ನೇ ಆಡದೆ ಹಾವಭಾವಗಳಿಂದಲೇ ಕಥೆಯನ್ನು ನಡೆಸುತ್ತವೆಯಾಗಿ, ಇಂಗ್ಲಿಷ್ ಬಾರದ ಅಜ್ಜಿಯೂ ಮೊಮ್ಮಗನ ಪಕ್ಕದಲ್ಲಿ ಕುಳಿತು ನಗಬಹುದು. ಮನೆಮಂದಿಯೆಲ್ಲ ಸೇರಿ ಆಡುವ ಚೌಕಾಬಾರದ ಗುಣ ಇದರಲ್ಲಿಯೂ ಇದೆ ಎಂದರೆ ಅತಿಶಯೋಕ್ತಿಯಾಗದು.

ನನ್ನ ಆಕ್ಷೇಪವಿರುವುದು ಆಟದ ಆಕಾಶಯುದ್ಧಗಳ ವಿಷಯದಲ್ಲಿ. ಅಲ್ಲಿ ನೌಕೆಯ ಮೂತಿ ಎತ್ತ ತಿರುಗುವುದೋ ಅತ್ತಲೇ ಅದರ ಓಟವೂ ತಿರುಗುತ್ತದೆ. ತಿರುಗುವಾಗ ನೌಕೆಯು ವಿಮಾನದಂತೆ ಪಕ್ಕಕ್ಕೆ ವಾಲುತ್ತದೆ. ಇದು ಚಲಚ್ಚಿತ್ರದಿಂದ ಬಂದ ಆಸ್ತಿ. ಲೂಕಾಸ್ ತನ್ನ ಆಕಾಶಯುದ್ಧಗಳಿಗೆ ಎರಡನೆಯ ಮಹಾಯುದ್ಧದ ವಿಮಾನ ಕಾಳಗಗಳ ಚಿತ್ರಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದನು. ವಿಮಾನವು ವಾಲುವುದಕ್ಕೆ ಕಾರಣವುಂಟು: ರೆಕ್ಕೆಗಳ ಮೇಲೆ ಗಾಳಿ ಒದಗಿಸುವ ಎತ್ತುಬಲವನ್ನು ಒಂದು ಪಕ್ಕಕ್ಕೆ ಓರೆಮಾಡಿದರಲ್ಲದೆ ಅದು ತಿರುಗಲಾರದು. ನಿರ್ವಾತದಲ್ಲಿ ಗಾಳಿಯೇ ಇಲ್ಲದಿರುವಾಗ ವಾಲಿ ಪ್ರಯೋಜನವೇನು? ಅಲ್ಲಿ ನೌಕೆಯು ಮೂತಿಯನ್ನು ಹಿಂದಕ್ಕೆ ತಿರುಗಿಸಿಕೊಂಡರೂ ಮೊದಲಿನ ದಿಕ್ಕಿನಲ್ಲಿಯೇ, ಮೊದಲಿನ ವೇಗದಲ್ಲಿಯೇ ಸಾಗುತ್ತಿರುತ್ತದೆ. ದಿಕ್ಕು ಬದಲಾಗಬೇಕಾದರೆ ಎಂಜಿನ್ನನ್ನು ಹೂಡಿ ಹಳೆಯ ವೇಗವನ್ನು ಕಳೆದು ಹೊಸದನ್ನು ಕೂಡಿಸಿಕೊಳ್ಳಬೇಕು.

ಚಿತ್ರವನ್ನು ಎರಡು ಗಂಟೆಗಳ ಕಾಲ ನೋಡಿ ಎದ್ದು ಬರುತ್ತೇವೆ. ಆಟ ಹಾಗಲ್ಲ. ಅದರಲ್ಲಿ ಹುಡುಗನು ಸ್ವತಃ ನೌಕೆಯನ್ನು ನೂರಾರು ಸಲ ತಿರುಗಿಸುತ್ತಾನೆ, ಪ್ರತಿಸಲವೂ ಅವನ ನಿರೀಕ್ಷೆಯಂತೆಯೇ ಆಗುತ್ತದೆ. ಈಜನ್ನು ಹೇಗೆ ಮೈ ಕಲಿಯುವುದೋ ಹಾಗೆ ಸುಳ್ಳು ಚಲನಶಾಸ್ತ್ರವೊಂದನ್ನು ಬೆರಳುಗಳು ಕಲಿತುಬಿಡುತ್ತವೆ. ಕಪ್ಪುಹಲಗೆಯ ಮೇಲೆ ನಾನು ಬರೆಯುವ ಒಂದು ವಾಕ್ಯ ಈ ಅಭ್ಯಾಸದೆದುರು ಎಷ್ಟು ಹೊತ್ತು ನಿಂತೀತು?

ಯಂತ್ರಕ್ಕೆ ನಿಜವಾದ ಲೆಕ್ಕವನ್ನು ಮಾಡುವ ಶಕ್ತಿ ಇಲ್ಲವೆನ್ನುವಂತಿಲ್ಲ. ೧೯೬೨ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ಪಿ.ಡಿ.ಪಿ.-೧ ಎಂಬ ಗಣಕಯಂತ್ರದ ಮೇಲೆ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ನಡುವೆ ಒಂದು ನಕ್ಷತ್ರ, ಸುತ್ತ ಎರಡು ನೌಕೆಗಳು. ನೂಕುವುದನ್ನು ನಿಲ್ಲಿಸಿದರೂ ನೌಕೆ ಸಾಗುತ್ತಲೇ ಇರುತ್ತದೆ. ನಕ್ಷತ್ರದ ಗುರುತ್ವಾಕರ್ಷಣ ಅದನ್ನು ಸೆಳೆಯುತ್ತದೆ. ಪಾಪ, ಆ ಯಂತ್ರಕ್ಕೆ ಹಾರಿಸಿದ ಕ್ಷಿಪಣಿಗಳ ಮೇಲಿನ ಆಕರ್ಷಣವನ್ನೂ ಲೆಕ್ಕಹಾಕುವಷ್ಟು ವೇಗವಿರಲಿಲ್ಲ. ಆದ್ದರಿಂದ ಅವು ಮಾತ್ರ ನೇರವಾಗಿ ಹೋಗುತ್ತಿದ್ದವು. ಇಂದು ಜೇಬಿನಲ್ಲಿರುವ ದೂರವಾಣಿಯ ಶಕ್ತಿಯೇ ಅದಕ್ಕಿಂತ ಎಷ್ಟೋ ಲಕ್ಷ ಪಾಲು ಹೆಚ್ಚು. ಇಂದಿನ ಆಟದಲ್ಲಿ ಜಡತ್ವವಿಲ್ಲದಿರುವುದಕ್ಕೆ ಅಶಕ್ತಿ ಕಾರಣವಲ್ಲ. ಅದು ರಚನಕಾರರ ಆಯ್ಕೆ.

ನಿರ್ವಾತದಲ್ಲಿ ಕೇಳಿಬರುವ ಸದ್ದನ್ನು ಕುರಿತು ನಾನು ಅಷ್ಟು ಕಟುವಾಗಿ ನುಡಿಯಲಾರೆ. ಸದ್ದು ಕೇಳಬಾರದೆಂಬುದು ನಿಜ. ಆದರೆ ಆ ಸದ್ದುಗಳು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಚಿತ್ರದ ಶಬ್ದಕಾರನಾದ ಬೆನ್ ಬರ್ಟ್, ರೇಡಿಯೋ ಗೋಪುರವನ್ನು ಬಿಗಿದು ನಿಲ್ಲಿಸಿದ್ದ ಉಕ್ಕಿನ ತಂತಿಯನ್ನು ಸುತ್ತಿಗೆಯಿಂದ ಬಡಿದು ಬಂದೂಕಿನ ಸದ್ದನ್ನು ಪಡೆದನು. ಪೆಡಸಾದ ತಂತಿಯನ್ನು ಬಡಿದಾಗ ಏಳುವ ಬಾಗುವಿಕೆಯ ಅಲೆಗಳಲ್ಲಿ ಹೆಚ್ಚು ಆವೃತ್ತಿಯವು ವೇಗವಾಗಿಯೂ ಕಡಮೆ ಆವೃತ್ತಿಯವು ನಿಧಾನವಾಗಿಯೂ ಸಾಗುತ್ತವೆ. ಕಿವಿಗೆ ಮೊದಲು ತಾರಸ್ವರ, ಹಿಂದೆಯೇ ಮಂದ್ರಸ್ವರ ಮುಟ್ಟುವುದರಿಂದ ಒಂದೇ ಪೆಟ್ಟು 'ಪಿಯೂ' ಎಂದು ಇಳಿಯುತ್ತದೆ. ಅಂಗಡಿಯಲ್ಲಿ ದೊರೆಯುವ 'ಸ್ಲಿಂಕಿ' ಎಂಬ ಸುರುಳಿಯ ತುದಿಗೆ ಕಾಗದದ ಲೋಟವೊಂದನ್ನು ಸಿಕ್ಕಿಸಿ, ತೂಗಬಿಟ್ಟು, ಬಡಿದು ಕೇಳಿರಿ. ಅದೇ ಸದ್ದು ಬರುತ್ತದೆ. ಸುಳ್ಳು ಬಂದೂಕಿನೊಳಗೆ ಇಷ್ಟು ನಿಜವಿರುವಾಗ ಕೋಪ ತಾನಾಗಿ ತಗ್ಗುತ್ತದೆ.

ಆದುದರಿಂದ ಆಟವನ್ನು ನಿಷೇಧಿಸುವ ಬದಲು ಅದನ್ನು ಪ್ರಯೋಗಶಾಲೆಗೆ ತರಬೇಕೆಂದು ನಾನು ವಾದಿಸುತ್ತೇನೆ. ಲೆಗೊ ಗೊಂಬೆಯ ಎತ್ತರ ಸುಮಾರು ೪ ಸೆಂಟಿಮೀಟರ್. ಅಷ್ಟೆತ್ತರದಿಂದ ಬಿದ್ದ ವಸ್ತು ಭೂಮಿಯ ಮೇಲೆ ೦.೦೯ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ೧೬೦ ಸೆಂಟಿಮೀಟರ್ ಎತ್ತರದ ಮನುಷ್ಯನು ತನ್ನಷ್ಟೇ ಎತ್ತರದಿಂದ ಬೀಳುವುದಕ್ಕೆ ೦.೫೭ ಸೆಕೆಂಡು ಬೇಕು. ಎತ್ತರ ೪೦ ಪಟ್ಟು ಹೆಚ್ಚಾದರೆ ಕಾಲವು ಅದರ ವರ್ಗಮೂಲದಷ್ಟು, ಎಂದರೆ ಸುಮಾರು ೬.೩ ಪಟ್ಟು, ಹೆಚ್ಚುತ್ತದೆ. ಆಟದ ಗೊಂಬೆ ತನ್ನಷ್ಟೇ ಎತ್ತರದ ಕಟ್ಟೆಯಿಂದ ಬೀಳುವುದನ್ನು ಸೆಕೆಂಡಿಗೆ ೬೦ ಚಿತ್ರ ತೆಗೆಯುವ ದೂರವಾಣಿಯಿಂದ ಹಿಡಿದು ಚಿತ್ರಗಳನ್ನು ಎಣಿಸಿರಿ. ಐದಾರು ಬಂದರೆ ಅದು ನಿಜವಾಗಿಯೂ ಗೊಂಬೆ. ಮೂವತ್ತನಾಲ್ಕರ ಸುಮಾರಿಗೆ ಬಂದರೆ ಗೊಂಬೆಯ ವೇಷ ತೊಟ್ಟ ಮನುಷ್ಯ. ಹಾಗಲ್ಲ, ಗೊಂಬೆಯೇ ಎಂದು ಹಟ ಹಿಡಿದರೆ ಆ ಲೋಕದ ಗುರುತ್ವ ನಮ್ಮದರ ನಲವತ್ತನೆಯ ಒಂದು ಪಾಲು, ಚಂದ್ರನದಕ್ಕಿಂತಲೂ ಬಹಳ ದುರ್ಬಲ, ಎಂದು ಒಪ್ಪಬೇಕಾಗುತ್ತದೆ. ಎರಡರ ನಡುವಣ ಯಾವುದೋ ಸಂಖ್ಯೆ ಬಂದರಂತೂ ಇನ್ನೂ ಒಳ್ಳೆಯದು. ಚರ್ಚೆಗೆ ಒಂದು ತರಗತಿ ಸಾಲದು.

ರಚನಕಾರರಲ್ಲಿಯೂ ಒಂದು ಬೇಡಿಕೆಯುಂಟು. ಇಡೀ ಆಟವನ್ನು ಬದಲಿಸಬೇಕಿಲ್ಲ. ನೌಕೆಯು ನ್ಯೂಟನ್ನನ ನಿಯಮದಂತೆ ನಡೆಯುವ ಒಂದೇ ಒಂದು ಹಂತವನ್ನು ಸೇರಿಸಲಿ. ಇದರಿಂದ ಮೋಜು ಕೆಡುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ೨೦೧೫ರಲ್ಲಿ ಪೂರ್ಣರೂಪದಲ್ಲಿ ಬಂದ 'ಕರ್ಬಲ್ ಸ್ಪೇಸ್ ಪ್ರೋಗ್ರಾಮ್' ಎಂಬ ಆಟದಲ್ಲಿ ಕಕ್ಷೆಯ ಲೆಕ್ಕವೇ ಮುಖ್ಯ. ಆದರೂ ಆಡುವವರಿಗೆ ಬರವಿಲ್ಲ.

ಅಂಥ ಹಂತ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ಆಟದ ಜೆಡೈ ವೀರನು ಒಮ್ಮೆ ನೆಗೆದು, ನೆಲಕ್ಕೆ ಇಳಿಯುವ ಮೊದಲೇ ಗಾಳಿಯಲ್ಲಿ ಎರಡನೆಯ ಸಲ ನೆಗೆಯುತ್ತಾನೆ. ಆಗ ಅವನು ಒದ್ದದ್ದು ಯಾವುದನ್ನು, ಅದು ಎತ್ತ ಹೋಯಿತು ಎಂಬ ಪ್ರಶ್ನೆಯನ್ನು ಮುಂದಿನ ಕಿರುಪರೀಕ್ಷೆಯಲ್ಲಿ ಐದು ಅಂಕಗಳಿಗೆ ಕೇಳಬೇಕೆಂದಿದ್ದೇನೆ.